ಎಷ್ಟ್ರಿ

ಗೋರಂಟಿ, ಅಂಗೈ ನಡುವೆ ಮಾಸಿದ ದುಂಡನೆಯ ಕೆಂಪು, ಬೆರಳ ತುದಿಗಳೂ ಕೆಂಪು, ಯಾರೋ ಅಕ್ಕರೆಯಿಂದ ಹಚ್ಚಿ, ಅರಿವೆ ಸುತ್ತಿ ಮಲಗಿಸಿದ ಕೈ — ಇದು ಯಾಕೆ ಹೀಗೆ ನನ್ನ ಮುಂದೆ ಚಾಚಿಕೊಂಡಿದೆ, ನಾನೇನು ಕೇಳಿದೆ ಈ ಹುಡುಗಿಯನ್ನು, ಬರ್ರಿ ಶೇಖಮ್ಮ, ಇಲ್ಲಿ ಬರ್ರಿ ಅಂದೆ, ಅಷ್ಟೇ, ದೋರನಹಳ್ಳಿಯ ಈ ಶಾಲೆಯ ಕೋಣೆಯಲ್ಲಿ ತಾಯಿತಂದೆಯರನ್ನು ಜಮಖಾನೆಯ ಮೇಲೆ ಕೂಡಿಸಿಕೊಂಡು, ಮಕ್ಕಳನ್ನು ಹೊಡೆಯದೆ ತಿದ್ದುವುದು ಹೇಗೆಂದು ಹೇಳುತ್ತಿದ್ದೆ, ಒಂದು ಮಗುವನ್ನು ಕರೆದು ಮಾತಾಡಿ ತೋರಿಸಬೇಕಿತ್ತು, ಇದೇ ಶಾಲೆಯ ದೇವಿಂದ್ರಪ್ಪ ಮಾಸ್ತರರ ಮಗಳೇ ಬರಲಿ ಅಂದುಕೊಂಡೆ, ಅವರ ಮಗಳಿಗಾದರೆ ಅಂಜಿಕೆ ಇರುವುದಿಲ್ಲ, ಬಂದಳು, ಎರಡು ಜಡೆ, ನೀಲಿ ರಿಬ್ಬನ್ನು, ನೆಟ್ಟಗೆ ನಿಂತಳು, ಎಡಗೈ ಚಾಚಿದಳು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಕೇಳಿದಳು, ಎಷ್ಟ್ರಿ.

ಎಷ್ಟು ಏಟು ಅಂತ ಕೇಳುತ್ತಿದ್ದಾಳೆ, ನನ್ನನ್ನು, ಅಮೃತಮ್ಮ ಟೀಚರನ್ನು, ಗೋಗಿಯ ಶಾಲೆಗೆ ಮೊದಲ ದಿನ ಬರಿಗೈಯಲ್ಲಿ ಹೋಗಿ ನಗೆಪಾಟಲಾದವಳನ್ನು, ಬಡಿಗಿ ಇಲ್ದ ದನಾ ಕಾಯಾಕ ಬಂದೀರೇನ್ರಿ ಮೇಡಂ ಅಂತ ಹೆಡ್‌ಮಾಸ್ತರರೇ ನಕ್ಕಿದ್ದರು, ಕಾಯುತ್ತೇನೆ, ಏನೀಗ, ಬಡಿಗೆ ಹಿಡಿದವರು ಕಾದದ್ದನ್ನು ನೋಡಿದ್ದೇನಲ್ಲ, ನನ್ನ ತಮ್ಮ ಅಯ್ಯಣ್ಣನನ್ನು ಹುಣಸೆ ಬರಲಿನಿಂದ ಬಡಿದು ಬಡಿದೇ ಶಾಲೆ ಬಿಡಿಸಿದ್ದು, ಮಾಸ್ತರರು ಆ ಬರಲನ್ನು ಎತ್ತಿದರೆ ಸಾಕು, ಕಿಟಕಿ ಹಾರಿ ಓಡುತ್ತಿದ್ದ ಹುಡುಗ, ಆಗ ಹೊಸದಾಗಿ ತೋಡುತ್ತಿದ್ದ ಕಾಲುವೆಯ ಮಣ್ಣಿನ ದಿಬ್ಬ ಹತ್ತಿ ಕೂತರೆ ಸಂಜೆತನಕ ಇಳಿಯುತ್ತಿರಲಿಲ್ಲ, ಕಡೆಗೆ ಅದೇ ಕಾಲುವೆಯಲ್ಲಿ ಮಣ್ಣಿನ ಬುಟ್ಟಿ ಹೊತ್ತ, ಇವತ್ತಿಗೂ ಹೆಬ್ಬೆಟ್ಟು, ಅವನಿಗಾಗಿ ಪಟ್ಟ ಹೊಟ್ಟೆಸಂಕಟಕ್ಕೇ ನಾನು ಮಕ್ಕಳಿಗೆ ರಿ ಹಚ್ಚಿ ಮಾತಾಡಿದ್ದು, ಬರ್ರಿ, ಕೂಡ್ರಿ, ತಪ್ಪಾತಲ್ರಿ, ಇನ್ನೊಮ್ಮೆ ಬರೀರಿ, ಮೊದಲ ಸಲ ಹಾಗೆ ಕರೆದಾಗ ಒಬ್ಬ ಹುಡುಗ ಹಿಂದೆ ತಿರುಗಿ ನೋಡಿದ್ದ, ಬಾಗಿಲಲ್ಲಿ ಯಾರೋ ದೊಡ್ಡವರು ಬಂದಿದ್ದಾರೆಂದು, ಎಷ್ಟು ನಕ್ಕಿದ್ದೆ ಅವತ್ತು — ಅಲ್ಲಿಂದ ಶುರು, ಯಾದಗಿರಿ, ಶಹಾಪುರ, ಸುರಪುರ, ತರಬೇತಿ ಮೇಲೆ ತರಬೇತಿ, ಮಾಸ್ತರರಿಗೆ ಒಂದು ದಿನ, ತಾಯಂದಿರಿಗೆ ಒಂದು ದಿನ, ಬೆನ್ನ ಹಿಂದೆ ಬ್ಯಾನರು, ಮರ್ಯಾದೆಯ ಶಿಸ್ತು, ಹೆಸರಿಟ್ಟವಳೂ ನಾನೇ, ಸುರಪುರದಲ್ಲಿ ಇದೇ ದೇವಿಂದ್ರಪ್ಪ ಎದ್ದು ನಿಂತು, ಮೇಡಂ, ನಿಮ್ಮ ಮಾತ ಕೇಳಿ ನನ್ನ ಬರಲ ಕಾಲುವಿಗಿ ಒಗದು ಬಂದೇನ್ರಿ ಅಂದಾಗ ಏನು ಚಪ್ಪಾಳೆ, ನನ್ನ ಕಣ್ಣಲ್ಲಿ ನೀರು, ಆ ಮಾತನ್ನು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಮೊನ್ನೆ ಮುದನಾಳದಲ್ಲೂ ಹೇಳಿದೆ.

ಕೈ ಇನ್ನೂ ಇಳಿದಿಲ್ಲ, ದೇವಿಂದ್ರಪ್ಪ ಗೋಡೆಗೆ ಒರಗಿ ನಗುತ್ತಿದ್ದಾರೆ, ನಾಚಿಕೆಯ ನಗುವಲ್ಲ, ಹೆಮ್ಮೆಯದು, ಗಾಬರಿ ಆಗಬ್ಯಾಡ್ರಿ ಮೇಡಂ, ಮನ್ಯಾಗೂ ನಿಮ್ಮ ಪದ್ಧತಿನ ನಡ್ಸಾಕತ್ತೇನ್ರಿ, ಬೈಯೂದಿಲ್ಲ, ಒದರೂದಿಲ್ಲ, ಮರ್ಯಾದಿಲೆ ಕರೀತೇನಿ, ಮರ್ಯಾದಿಲೆ ಎರಡು ಹಾಕ್ತೇನಿ, ಮರ್ಯಾದಿನೂ ಆತು, ಶಿಸ್ತೂ ಆತು — ಮತ್ತೆ ಆ ಬರಲು, ಕಾಲುವೆಗೆ ಒಗೆದದ್ದು, ಅಂತ ಕೇಳುತ್ತಿರುವವಳು ನಾನೇ ಇರಬೇಕು, ದನಿ ನನ್ನದೇ, ಖರೇನ ಒಗದೇನ್ರಿ, ಈಗ ಬರೇ ಫೂಟ್‌ಪಟ್ಟಿ, ಅದೂ ಎಡಗೈಗೆ, ಬರಿಯೊ ಕೈಗೆ ಪೆಟ್ಟು ಬೀಳಬಾರ್ದು ನೋಡ್ರಿ — ಈ ಮನುಷ್ಯ ಒಂದು ಸುಳ್ಳನ್ನೂ ಹೇಳುತ್ತಿಲ್ಲ, ಮುಂದೆ ಕೂತ ಮುದುಕಿಯೊಬ್ಬಳು ತಲೆದೂಗುತ್ತಿದ್ದಾಳೆ, ಛಲೋ ಅದರಿ ಇದು, ಆಚೆಯ ಗಂಡಸರೂ ತಲೆದೂಗುತ್ತಿದ್ದಾರೆ, ಶಿಸ್ತು ಅಂದರೆ ಈ ಕಡೆ ಏಟು, ನಮ್ಮಪ್ಪನೂ ಅಯ್ಯಣ್ಣನನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು, ಸ್ವಲ್ಪ ಶಿಸ್ತು ಮಾಡ್ರಿ ಮಾಸ್ತರ ಅಂತ ಕೈಮುಗಿದು ಬರುತ್ತಿದ್ದ, ಕೇಳಿಯೇ ಬೆಳೆದವಳು, ಆದರೂ ಅದೇ ಮಾತನ್ನು ಬ್ಯಾನರಿಗೆ ಏರಿಸಿದೆನಲ್ಲ, ಸುರಪುರದ ಆ ಚಪ್ಪಾಳೆಗೂ ಇದೇ ಅರ್ಥವಿತ್ತೇನು, ಮುದನಾಳದಲ್ಲಿ ಹೌದ್ರಿ ಹೌದ್ರಿ ಅಂದವರೆಲ್ಲ ಇದಕ್ಕೇ ಹೌದ್ರಿ ಅಂದರೇನು, ಈಗ ದೇವಕಮ್ಮ ಎದ್ದಿದ್ದಾಳೆ, ಹುಡುಗಿಯ ತಾಯಿ, ಸೆರಗು ಹೊದ್ದು ನನಗೆ ಉಪಕಾರ ಹೇಳುತ್ತಿದ್ದಾಳೆ, ಮೊದಲ ಭಾಳ ತ್ರಾಸಿತ್ರಿ ಮೇಡಂ, ಓಣಿತುಂಬ ಓಡ್ತಿದ್ಲು, ಬೆನ್ನತ್ತಿ ಹಿಡೀಬೇಕಾಗ್ತಿತ್ತು, ನಿಮಗ ಪುಣ್ಯ ಬರ್ಲಿ, ಈಗ ಬರ್ರಿ ಅಂದ್ರ ಸಾಕ್ರಿ, ತಾನ ಬಂದು ನಿಂದರ್ತಾಳ.

ತಾನೇ ಬಂದು ನಿಲ್ಲುತ್ತಾಳೆ — ಅಯ್ಯಣ್ಣ ಓಡುತ್ತಿದ್ದ, ಅವನಿಗೆ ಕಿಟಕಿ ಇತ್ತು, ದಿಬ್ಬ ಇತ್ತು, ಇವಳೆದುರಿಗೂ ಕಿಟಕಿ ತೆರೆದೇ ಇದೆ, ಆಚೆ ಕಾಲುವೆ ತುಂಬಿ ಹರಿಯುತ್ತಿದೆ, ಭತ್ತದ ಗದ್ದೆ, ಬೆಳ್ಳಕ್ಕಿ, ಮುಖ ಅತ್ತಲೇ ಇದೆ, ಕಣ್ಣುಗಳು ಮಾತ್ರ ಬಿಗಿಯಾಗಿ ಮುಚ್ಚಿವೆ, ಓಡೇ ಹುಡುಗಿ, ಓಡು, ಅವಳು ಓಡುವುದಿಲ್ಲ, ಓಡುವುದನ್ನು ಬಿಡಿಸಿದವಳು ನಾನು, ಸಂಜೆ ಇವಳು ಅದೇ ಮನೆಗೆ ಹೋಗಬೇಕು, ಅಲ್ಲಿ ಮತ್ತೆ ಬರ್ರಿ ಅನ್ನುತ್ತಾರೆ, ಏನಾದರೂ ಹೇಳು ಅಮೃತಮ್ಮ, ಇವರಿಗೆಲ್ಲ ಆಮೇಲೆ ಹೇಳುವೆಯಂತೆ, ಮೊದಲು ಆ ಕೈ ಇಳಿಸು, ಕೈ ಇಳಸ್ರಿ ಅವ್ವಾ ಅಂದೆ, ಬಂದೇಬಿಟ್ಟಿತು, ರೂಢಿ, ಅದೇ ರಿ — ಎಡಗೈ ಇಳಿಯಿತು, ಬಲಗೈ ಮೇಲೆದ್ದಿತು, ಬರೆಯುವ ಕೈ, ಹೆಬ್ಬೆರಳಿಗೆ ಪೆನ್ಸಿಲಿನ ಕಪ್ಪು, ಅಂಗೈ ನಡುವೆ ಗೋರಂಟಿ, ಮಾಸಿದ ದುಂಡನೆಯ ಕೆಂಪು.