ಬುರುಡೆಯ ಪಕ್ಕದಲ್ಲಿಟ್ಟ ಫೋನು

ಮನೆಯೊಳಗೆ ಬುರುಡೆ ತಂದಿಟ್ಟುಕೊಳ್ಳುವುದಕ್ಕೂ ಹೊತ್ತುಗೊತ್ತು ಬೇಡವೇ ಎಂದು ಫೋಟೋ ತೆಗೆಯುವ ಕಸುಬಿನ ಅವಳನ್ನು ಯಾರಾದರೂ ಕೇಳಬಹುದಿತ್ತು. ಗಂಡನ ಕತ್ತಿನಲ್ಲಿ ಎದ್ದಿದ್ದ ಗಂಟು ಎಂಥದೆಂದು ತಿಳಿಯಬೇಕಾಗಿದ್ದ ದಿನವೇ ಅವಳು ಊಟದ ಮೇಜಿಗೆ ಕಪ್ಪು ಬಟ್ಟೆ ಹಾಸಿ, ಅದರ ಮೇಲೊಂದು ಹಿತ್ತಾಳೆ ತಟ್ಟೆ ಇಟ್ಟು, ತಟ್ಟೆಯಲ್ಲಿ ತಲೆಬುರುಡೆ ಕೂರಿಸಿ, ಅದರ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಆಸ್ಪತ್ರೆಯವರು ಮೂರೂವರೆಯಿಂದ ನಾಲ್ಕೂವರೆಯೊಳಗೆ ಫೋನ್ ಮಾಡುತ್ತೇವೆ ಎಂದಿದ್ದರು. ಈಗ ಮೂರು ಇಪ್ಪತ್ತು.

"ಇವನಿಗೆ ಗಡ್ಡ ಇಲ್ಲ, ಮೀಸೆ ಇಲ್ಲ, ತಲೇಲಿ ಒಂದು ಕೂದ್ಲೂ ಇಲ್ಲ. ಇಂಥ ಗಿರಾಕಿ ನಾಲ್ಕು ಜನ ಬಂದ್ರೆ ನಾನು ಅಂಗಡಿ ಬಾಗಿಲು ಹಾಕ್ಬೇಕಷ್ಟೆ," ಎಂದ ಗಂಡ.

ಅವನದು ಬೀದಿಯ ಕೊನೆಯಲ್ಲಿ ಎರಡು ಕುರ್ಚಿಯ ಕಟಿಂಗ್ ಶಾಪು. ಬೀದಿಯ ಮಕ್ಕಳೆಲ್ಲ ಅವನನ್ನು ಕತ್ತರಿ ಮಾವ ಎನ್ನುತ್ತಿದ್ದವು. ಮಾತಿಗೆ ಕೂತರೆ ಹೊಟ್ಟೆ ಹುಣ್ಣಾಗುವಂತೆ ನಗಿಸುವ ಮನುಷ್ಯ. ಇವತ್ತು ಬೆಳಗಿನಿಂದ ಎಂದಿಗಿಂತ ಹೆಚ್ಚು ನಗಿಸುತ್ತಿದ್ದ.

"ಸುಮ್ನಿರ್ರೀ, ಕೈ ಅಲ್ಲಾಡತ್ತೆ."

ಬುರುಡೆ ನಿಜವಾದದ್ದಲ್ಲ, ಬಿಡಿ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಅವಳ ಅಣ್ಣ ಪ್ರಯೋಗಾಲಯದಿಂದ ಎರಡು ದಿನಕ್ಕೆಂದು ಕೊಟ್ಟಿದ್ದ ಪ್ಲಾಸ್ಟರಿನ ಬುರುಡೆ. ಕೆಳದವಡೆಗೆ ಎರಡೂ ಕಡೆ ಸ್ಪ್ರಿಂಗ್ ಹಾಕಿತ್ತು. ಅವಳಾದರೂ ಇಪ್ಪತ್ತೈದು ವರ್ಷದಿಂದ ಕುಕ್ಕರು, ಚಪ್ಪಲಿ, ಟಾರ್ಚು, ಬಾಗಿಲ ಚಿಲಕ ಇಂಥವುಗಳ ಫೋಟೋವನ್ನು ಕಂಪನಿಗಳು ಮಾಲು ತೋರಿಸಲು ಅಚ್ಚು ಹಾಕಿಸುವ ಪುಸ್ತಕಕ್ಕೆ ತೆಗೆದುಕೊಟ್ಟು ಬದುಕಿದವಳು. ಹಳೆಯದನ್ನು ಹೊಸದಾಗಿ ಕಾಣಿಸುವುದೇ ಅವಳ ಕಸುಬು. ಜನ್ಮದಲ್ಲಿ ಮೊದಲ ಸಲ ಒಂದು ಪ್ರದರ್ಶನಕ್ಕೆ ಅವಳ ಹೆಸರಿನಲ್ಲಿ ಒಂದು ಚಿತ್ರ ಕೇಳಿದ್ದರು. ಅವಳಿಗೆ ನೆನಪಾದದ್ದು ನಾನೂರು ವರ್ಷದ ಹಿಂದಿನ ಯುರೋಪಿನ ಚಿತ್ರಕಾರರು ಬರೆಯುತ್ತಿದ್ದ ಒಂದು ಬಗೆ. ಅದಕ್ಕೆ ವ್ಯಾನಿಟಾಸ್ ಎನ್ನುತ್ತಾರೆ. ಕತ್ತಲ ಹಿನ್ನೆಲೆ, ಒಂದೇ ಕಡೆಯಿಂದ ಬೆಳಕು, ಮೇಜಿನ ಮೇಲೆ ಬುರುಡೆ, ಆಗತಾನೇ ಆರಿದ ಮೇಣದ ಬತ್ತಿ, ಬಾಡಿದ ಹೂವು, ಅರ್ಧ ಸುಲಿದ ಹಣ್ಣು, ಒಂದು ಗಡಿಯಾರ. ಎಷ್ಟು ಮೆರೆದರೂ ಒಂದು ದಿನ ಎಲ್ಲ ಮುಗಿಯುತ್ತದೆ ಎಂದು ನೋಡುವವನಿಗೆ ಹೇಳುವ ಚಿತ್ರ.

ಗಂಟು ಕಾಣಿಸುವ ಮುಂಚೆಯೇ ಇದನ್ನೆಲ್ಲ ಯೋಚಿಸಿಟ್ಟಿದ್ದಳು. ಕಾಣಿಸಿದ ಮೇಲೆ ಕೈಬಿಡುತ್ತೇನೆಂದಳು. ಬಿಡಲು ಅವನೇ ಬಿಡಲಿಲ್ಲ. "ಕೈಕಟ್ಕೊಂಡು ಫೋನ್ ಮುಖ ನೋಡ್ತಾ ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ ಕಣೇ. ನೀನು ತೆಗಿ, ನಾನು ಪಕ್ಕದಲ್ಲಿ ನಿಂತ್ಕೋತೀನಿ. ಫೋನ್ ಬಂದ್ರೆ ಮಾತ್ರ ನೀನೇ ಎತ್ತು. ನಂಗಾಗಲ್ಲ." ನಾಳೆ ಬೆಳಿಗ್ಗೆ ಚಿತ್ರ ಮುದ್ರಣಕ್ಕೆ ಹೋಗಬೇಕು. ಎದುರಿನ ಎರಡು ಕಟ್ಟಡಗಳ ನಡುವಿನ ಸಂದಿಯಿಂದ ಬಿಸಿಲು ಈ ಕಿಟಕಿಗೆ ಬೀಳುವುದು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ. ನಾಲ್ಕೂ ಕಾಲಿಗೆಲ್ಲ ಹೊರಟುಹೋಗುತ್ತದೆ. ಹೂವುಗಳು ಹದವಾಗಿ ಬಾಡಿದ್ದವು. ಇನ್ನೊಂದು ದಿನವಾದರೆ ಕೊಳೆತ ವಾಸನೆ.

ಕಿತ್ತಳೆ ಸುಲಿಯುವ ಕೆಲಸ ಗಂಡನದು. ಸಿಪ್ಪೆ ಎಲ್ಲೂ ಹರಿಯದೆ ಮೇಜಿನ ಅಂಚಿನಿಂದ ಸುರುಳಿಯಾಗಿ ಇಳಿಬೀಳಬೇಕು. ಅವನು ಅಂಗಡಿಯ ಕ್ಷೌರದ ಕತ್ತಿಯನ್ನೇ ತಂದು, ಹಣ್ಣನ್ನು ಗಿರಾಕಿಯ ತಲೆಯಂತೆ ಎಡಗೈಯಲ್ಲಿ ಹಿಡಿದು, ನಾಲಿಗೆ ತುದಿ ಹೊರಗೆ ಹಾಕಿಕೊಂಡು ಒಂದೇ ಉಸಿರಿನಲ್ಲಿ ಸುಲಿದುಕೊಟ್ಟ. ಹಾಗೆ ಬಗ್ಗಿದಾಗ ಅವನ ಕಾಲರಿನ ಮೇಲೆ ಆ ಗಂಟು ಕಂಡಿತು, ಗೋಲಿಯಷ್ಟು ದಪ್ಪ. ಅವಳು ತಟ್ಟನೆ ಕಣ್ಣು ತಿರುಗಿಸಿದಳು.

ಉಳಿದದ್ದು ಗಡಿಯಾರ. ಮನೆಯಲ್ಲಿದ್ದ ಟೈಂಪೀಸನ್ನು ಇಟ್ಟು ನೋಡಿದಳು, ಅದು ಅಡುಗೆಮನೆಯಿಂದ ದಾರಿ ತಪ್ಪಿ ಬಂದಂತೆ ಕಾಣುತ್ತಿತ್ತು. ಈ ಕಾಲದವರು ಹೊತ್ತು ನೋಡುವುದು ಫೋನಿನಲ್ಲಲ್ಲವೇ? ಅವಳ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿತ್ತು. ಗಂಡನದು ಹೊಸದು, ಎಣ್ಣೆ ಹಚ್ಚಿದಂಥ ಕಪ್ಪು ಗಾಜು. ಅದನ್ನು ಬುರುಡೆಯ ದವಡೆಗೆ ಒರಗಿಸಿಟ್ಟಳು. ಹಲ್ಲಿನ ಸಾಲು ಗಾಜಿನಲ್ಲಿ ಮಸುಕಾಗಿ ಮೂಡಿತು. "ಅಬ್ಬಾ!" ಎಂದು ಅವಳ ಬಾಯಿಂದ ತಾನಾಗಿ ಹೊರಟಿತು.

"ಸದ್ದು ಮಾಡದ ಹಾಗೆ ಇಡ್ರೀ, ಕೂಗಿದ್ರೆ ನಾನು ಬೆಚ್ಚಿ ಬೀಳ್ತೀನಿ," ಎಂದಳು. ಅವನು ಗುಂಡಿ ಒತ್ತಿ, ಕೂಗದೆ ನಡುಗುವ ಹಾಗೆ ಮಾಡಿಟ್ಟ. ಆ ಫೋನಿಗೇ ಆಸ್ಪತ್ರೆಯ ಕರೆ ಬರಬೇಕು, ಅದು ಬಂದರೆ ಚಿತ್ರದ ಎದೆಗೇ ಕೈಹಾಕಿ ಎತ್ತಬೇಕು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ಇಷ್ಟು ವರ್ಷ ವಸ್ತುಗಳನ್ನೇ ನೋಡಿ ನೋಡಿ, ಅವಳ ಕಣ್ಣಿಗೆ ಅದು ಫೋನಾಗಿ ಉಳಿದಿರಲಿಲ್ಲ. ಕಪ್ಪು ಗಾಜಾಗಿತ್ತು. ಅವನೋ, ಹೆಂಡತಿಯ ಮೇಜಿನ ವಿಷಯಕ್ಕೆ ತಲೆಹಾಕಿ ಬೈಸಿಕೊಂಡು ಬುದ್ಧಿ ಕಲಿತವನು.

ಬಿಸಿಲು ಬಂತು. ಕಿಟಕಿಗೆ ಕಟ್ಟಿದ್ದ ತೆಳು ಬಟ್ಟೆಯನ್ನು ದಾಟಿ ಮೊದಲು ತಟ್ಟೆಯ ಅಂಚಿಗೆ, ಆಮೇಲೆ ಬುರುಡೆಯ ಹಣೆಗೆ ಹತ್ತಿತು. ಗಂಡ ಬಿಳಿ ಥರ್ಮೊಕೋಲ್ ಹಲಗೆ ಹಿಡಿದು ಕತ್ತಲ ಬದಿಯಲ್ಲಿ ನಿಂತ. ಅದರಿಂದ ಬೆಳಕು ಹೊರಳಿ ಕಣ್ಣಿನ ಗುಳಿಯೊಳಕ್ಕೆ ಹೋಗಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹೂವಿನಿಂದ ಬುರುಡೆಯವರೆಗೆ ಎಲ್ಲವೂ ಸ್ಪಷ್ಟವಾಗಿ ಬರಬೇಕಾದರೆ ಕ್ಯಾಮೆರಾ ಹನ್ನೆರಡು ಸೆಕೆಂಡು ಕಣ್ಣು ತೆರೆದಿರಬೇಕು. ನೆಲಕ್ಕೆ ಮರದ ಹಲಗೆ ಹಾಸಿದ ಹಳೆಯ ಮಹಡಿ ಅದು. ಒಂದು ಹೆಜ್ಜೆ ಇಟ್ಟರೂ ಚಿತ್ರ ಅಲುಗುತ್ತದೆ.

"ಬತ್ತಿ ಆರಿಸಿ." ಅವನು ಬೆರಳಿಗೆ ಎಂಜಲು ಹಚ್ಚಿ ಬತ್ತಿ ಚಿವುಟಿ ಹಿಂದೆ ಸರಿದ. ಹೊಗೆಯ ಎಳೆ ಮೇಲೆದ್ದಿತು. ಅವಳು ಗುಂಡಿ ಒತ್ತಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಇಬ್ಬರೂ ಉಸಿರು ಬಿಗಿಹಿಡಿದರು.

ಐದನ್ನುವಾಗ ಬುರುಡೆ ಹಲ್ಲು ಕಡಿಯಿತು.

ಕಟಕಟಕಟ. ಸ್ಪ್ರಿಂಗಿನ ದವಡೆ ಮೇಲೆ ಕೆಳಗೆ ಆಡುತ್ತಿತ್ತು, ಹಿತ್ತಾಳೆ ತಟ್ಟೆ ಝಣಗುಡುತ್ತಿತ್ತು, ಕಪ್ಪು ಗಾಜು ಬೆಳಗಿ ಬುರುಡೆಯ ಮುಖಕ್ಕೆ ನೀಲಿ ಬೆಳಕು ಹೊಡೆಯುತ್ತಿತ್ತು. ಫೋನು!

"ಮುಟ್ಬೇಡ!" ಎಂದ ಗಂಡ, ಹಲಗೆ ಹಿಡಿದ ಕೈ ಎಳ್ಳಷ್ಟೂ ಅಲುಗಿಸದೆ. "ಮುಗಿಸು. ಎಣಿಸು. ಆಮೇಲೆ ಮಾಡ್ತಾರೆ ಮತ್ತೆ."

"ಏನ್ರೀ ಮುಗಿಸೋದು!"

"ಚಿತ್ರ ಹಾಳಾಗತ್ತೆ ಕಣೇ!"

ಜೀವಮಾನವೆಲ್ಲ ಮೇಜಿನಿಂದ ನಾಲ್ಕು ಮೊಳ ದೂರ ನಿಲ್ಲಿ ಎಂದು ಅವನ ಮೇಲೆ ರೇಗಿದವಳು ಅವಳೇ. ಒಂದು ಸಲ ಅವನು ಕುಕ್ಕರಿನ ಮುಚ್ಚಳ ಮುಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟವಳು. ಅಂಥವಳು ಈಗ ದಡದಡನೆ ನುಗ್ಗಿ, ಮೇಜಿನ ಮೇಲೆ ಬಿದ್ದು ಫೋನಿಗೆ ಕೈಹಾಕಿದಳು. ಹೂವಿನ ಲೋಟ ಮಗುಚಿತು. ಮೇಣದ ಬತ್ತಿ ಉರುಳಿಕೊಂಡು ಕೆಳಗೆ ಹೋಯಿತು.

"ಹಲೋ? ಹೌದು, ಅವರ ಮನೆಯವಳೇ ಮಾತಾಡ್ತಿರೋದು."

ಡಾಕ್ಟರಮ್ಮನ ದನಿ ಮೃದುವಾಗಿತ್ತು. ಆ ಮೃದುವಿನಲ್ಲೇ ಅವಳಿಗೆ ಅರ್ಧ ತಿಳಿದುಹೋಯಿತು. "ನೋಡಿಮ್ಮ, ಅದು ಕ್ಯಾನ್ಸರ್ರೇ. ಎಷ್ಟು ದೂರ ಹೋಗಿದೆ ಅಂತ ಈಗ್ಲೇ ಹೇಳಕ್ಕಾಗಲ್ಲ, ಇನ್ನೂ ಕೆಲವು ಪರೀಕ್ಷೆ ಮಾಡ್ಬೇಕು. ಚಿಕಿತ್ಸೆ ಇದೆ, ಇಲ್ಲ ಅಂತಲ್ಲ. ನಾಳೆ ಒಂಬತ್ತಕ್ಕೆ ಕರ್ಕೊಂಡು ಬನ್ನಿ. ತಡ ಮಾಡ್ಬೇಡಿ."

"ಸರಿ," ಎಂದಳು. "ಸರಿ. ಒಂಬತ್ತಕ್ಕೆ. ಸರಿ." ಗಂಡನಿಗೆ ಬೆನ್ನು ಹಾಕಿ ನಿಂತಿದ್ದಳು. ತಿರುಗಿದರೆ ಮುಖ ನೋಡುತ್ತಾನೆ, ಗೋಡೆಯ ಕಡೆ ಎಷ್ಟು ಹೊತ್ತು ನಿಲ್ಲುವುದು? ತಿರುಗಿದಳು.

ಅವನು ಹಲಗೆ ಇಳಿಸಿರಲಿಲ್ಲ. ಅವಳ ಮುಖವನ್ನು ಒಂದು ಗಳಿಗೆ ನೋಡಿದ. ದಿನಕ್ಕೆ ಇಪ್ಪತ್ತು ಮುಖಗಳನ್ನು ಕನ್ನಡಿಯಲ್ಲಿ ನೋಡುವವನು. ಆಮೇಲೆ ಕಿಟಕಿಯ ಕಡೆ ನೋಡಿದ.

"ರೀ..."

"ಈಗ ಬೇಡ. ಬೆಳಕು ಇನ್ನೆಷ್ಟು ಹೊತ್ತು ಇರುತ್ತೆ?"

"ಹದಿನೈದು ನಿಮಿಷ. ರೀ, ನನ್ನ ಮಾತು ಕೇಳಿ..."

"ಹದಿನೈದು ನಿಮಿಷ ಬೇಕಾದಷ್ಟಾಯ್ತು. ನೀನು ಹೇಳೋದು ಓಡಿ ಹೋಗಲ್ಲ, ಬೆಳಕು ಓಡಿ ಹೋಗತ್ತೆ. ಬಾ, ಹೂವು ಎತ್ತು."

ಏನು ಮಾಡಬೇಕಿತ್ತು ಅವಳು? ಆ ಮಾತನ್ನು ಅವನ ಮುಖಕ್ಕೆ ಎಸೆಯಬೇಕಿತ್ತೇ? ಹದಿನೈದು ನಿಮಿಷದ ಮಟ್ಟಿಗೆ ಅವನು ಬೇಡವೆಂದದ್ದನ್ನು ಒತ್ತಾಯದಿಂದ ಕೊಡುವುದು ಯಾವ ನ್ಯಾಯ? ಕೈಗಳು ತಾವಾಗಿ ಕೆಲಸ ಹಿಡಿದವು. ಚೆಲ್ಲಿದ ನೀರು ಒರೆಸಿದಳು. ಹೂವನ್ನು ಲೋಟಕ್ಕೆ ಹಾಕಿ, ಉದುರಿದ ಎಸಳುಗಳನ್ನು ಉದುರಿದ ಕಡೆಯೇ ಬಿಟ್ಟಳು. ಮೇಣದ ಬತ್ತಿ ನೆಟ್ಟು ಹಚ್ಚಿದಳು. ಫೋನನ್ನು ದವಡೆಗೆ ಒರಗಿಸಿದಳು. ಆ ಕಪ್ಪು ಗಾಜಿನಲ್ಲಿ ಹಲ್ಲಿನ ಸಾಲು ಮತ್ತೆ ಮೂಡಿದಾಗ ಅವಳಿಗೆ ಆ ಬುರುಡೆಯನ್ನು ಎತ್ತಿ ಕಿಟಕಿಯಾಚೆ ಬೀದಿಗೆ ಬಿಸಾಡಿಬಿಡಬೇಕು ಎನ್ನುವಷ್ಟು ಸಿಟ್ಟು ಬಂತು. ಎಂಥ ಕೆಟ್ಟ ಗಳಿಗೆಯಲ್ಲಿ ಈ ದರಿದ್ರವನ್ನು ಮನೆಗೆ ತಂದೆ ಎಂದು ತನ್ನನ್ನೇ ಶಪಿಸಿಕೊಂಡಳು.

"ಕಣ್ಣೊರೆಸ್ಕೋ. ಕಾಣಿಸ್ಬೇಕಲ್ಲ ನಿಂಗೆ," ಎಂದ ಅವನು.

ಬತ್ತಿ ಚಿವುಟಿದ. ಅವಳು ಗುಂಡಿ ಒತ್ತಿದಳು. ಹನ್ನೆರಡರವರೆಗೆ ಎಣಿಸುವುದು ಎಷ್ಟು ದೂರದ ದಾರಿ ಎಂದು ಆಗ ಗೊತ್ತಾಯಿತು. ಏಳರ ನಂತರದ್ದನ್ನು ಮನಸ್ಸಿನಲ್ಲೇ ಎಣಿಸಿದಳು. ಅವನು ಕಲ್ಲಿನಂತೆ ನಿಂತಿದ್ದ.

ಕ್ಯಾಮೆರಾ ಕಣ್ಣು ಮುಚ್ಚಿತು. ಹಿಂಬದಿಯ ಪರದೆಯಲ್ಲಿ ನೋಡಿದಳು. ಹೊಗೆ ಹಾಲಿನ ಎಳೆಯ ಹಾಗೆ ಬಂದಿತ್ತು, ಬುರುಡೆಯ ಕಣ್ಣಿನ ಆಳದಲ್ಲಿ ಚೂರೇ ಚೂರು ಬೆಳಕಿತ್ತು. ಅವಳು ಇದುವರೆಗೆ ತೆಗೆದವುಗಳಲ್ಲೆಲ್ಲ ಒಳ್ಳೆಯ ಚಿತ್ರ ಅದು, ಅವಳಿಗೇ ಗೊತ್ತಾಯಿತು. ಗೊತ್ತಾದ ಕೂಡಲೇ ನಾಚಿಕೆಯೂ ಆಯಿತು.

"ಬಂತು ರೀ. ಚೆನ್ನಾಗಿ ಬಂತು. ಸಾಕು, ಹಲಗೆ ಇಳಿಸಿ."

"ಇನ್ನೊಂದು ತೆಗಿ."

"ಬೇಕಾಗಿಲ್ಲ, ಇದೇ..."

"ಇರ್ಲಿ, ಇನ್ನೊಂದು ತೆಗಿ."

ತೆಗೆದಳು. ಅವನು ಮತ್ತೆ ಬತ್ತಿ ಹಚ್ಚಿದ, ಮತ್ತೆ ಚಿವುಟಿದ. ಇನ್ನೊಂದು. ಮತ್ತೊಂದು. ನಾಲ್ಕನೆಯದರ ಹೊತ್ತಿಗೆ ಬಿಸಿಲು ಬುರುಡೆಯ ಹಣೆಯಿಂದ ಜಾರಿ ಕೆನ್ನೆಗೆ ಬಂದಿತ್ತು. ಐದನೆಯದಕ್ಕೆ ತಟ್ಟೆಯ ಅಂಚು ಮಾತ್ರ ಹೊಳೆಯುತ್ತಿತ್ತು. ಇವನಿಗೆ ಎಲ್ಲ ತಿಳಿದಿದೆ, ಫೋನ್ ಇಡುವ ಮುಂಚೆಯೇ ತಿಳಿದಿದೆ ಎಂದು ಅವಳಿಗೆ ಖಾತ್ರಿಯಾಯಿತು. ಹನ್ನೆರಡು ಹನ್ನೆರಡು ಸೆಕೆಂಡಾಗಿ ಅವನು ಆ ಸುದ್ದಿ ಕೇಳುವ ಮುಂಚಿನ ಹೊತ್ತಿನಲ್ಲೇ ಉಳಿಯಲು ನೋಡುತ್ತಿದ್ದ. ಅವಳಾದರೂ ಏನು ಕಡಿಮೆ? ಅವನು ಕೇಳಿದಷ್ಟೂ ಸಲ ಗುಂಡಿ ಒತ್ತಿದಳು. ಕೊನೆಯ ಮೂರರಲ್ಲಿ ಚಿತ್ರವೇ ಮೂಡುವುದಿಲ್ಲ ಎಂದು ಗೊತ್ತಿದ್ದೂ ಒತ್ತಿದಳು, ಗೊತ್ತಿದ್ದೂ ಎಣಿಸಿದಳು.

"ಇನ್ನೊಂದು," ಎಂದ.

"ಬೆಳಕು ಹೋಯ್ತು ರೀ."

ಅವನು ಕಿಟಕಿ ನೋಡಿದ. ಹೌದು, ಎದುರಿನ ಗೋಡೆ ಬೂದುಬಣ್ಣಕ್ಕೆ ತಿರುಗಿತ್ತು. ಹಲಗೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಗೋಡೆಗೆ ಒರಗಿಸಿದ. ಎರಡೂ ತೋಳು ಮರಗಟ್ಟಿದ್ದವೇನೋ, ಒಂದನ್ನೊಂದು ಉಜ್ಜಿಕೊಳ್ಳುತ್ತ ಬಂದು ಅವಳೆದುರು ಕುರ್ಚಿ ಎಳೆದು ಕೂತ.

"ಹೂಂ. ಈಗ ಹೇಳು."

ಹೇಳಿದಳು. ವಾರದಿಂದ ಇಬ್ಬರೂ ಗಂಟು ಗಂಟು ಎನ್ನುತ್ತಿದ್ದದ್ದಕ್ಕೆ ಡಾಕ್ಟರಮ್ಮ ಇಟ್ಟ ಹೆಸರನ್ನು ಹೇಳಿದಳು. ಎಷ್ಟು ದೂರ ಹೋಗಿದೆಯೋ ಗೊತ್ತಿಲ್ಲ ಎಂಬುದನ್ನೂ ಬಚ್ಚಿಡಲಿಲ್ಲ, ಚಿಕಿತ್ಸೆ ಇದೆ ಎಂದದ್ದನ್ನು ಎರಡೆರಡು ಸಲ ಹೇಳಿದಳು.

ಅವನು ತಲೆಯಾಡಿಸಿದ.

"ನಾಳೆ ಎಷ್ಟೊತ್ತಿಗೆ?"

"ಒಂಬತ್ತಕ್ಕೆ."

"ಒಂಬತ್ತಕ್ಕೆ ಟೈಲರ್ ಬರ್ತೀನಿ ಅಂದಿದ್ದಾನೆ, ಕಟಿಂಗಿಗೆ. ಅವನ ಮಗಳನ್ನ ನೋಡಕ್ಕೆ ಗಂಡಿನ ಕಡೆಯವ್ರು ಬರ್ತಾರಂತೆ. ಇವತ್ತೇ ಹೋಗಿ ಮಾಡಿಬಿಡ್ಲಾ?"

"ರೀ..."

"ಅಲ್ಲ, ಪಾಪ, ಅವನು ನನ್ನೇ ನಂಬ್ಕೊಂಡಿದ್ದಾನೆ..." ಎನ್ನುತ್ತಿದ್ದವನ ದನಿ ಅಲ್ಲಿಗೇ ಕಡಿಯಿತು. ನಗಲು ಹೋದ, ಆಗಲಿಲ್ಲ. "ನಂಗೆ ಭಯ ಆಗ್ತಿದೆ ಕಣೇ," ಎಂದ.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಏನೂ ಆಗಲ್ಲ ಸುಮ್ನಿರಿ ಎನ್ನಲು ಹೊರಟವಳು ಅದನ್ನು ಬಿಟ್ಟುಬಿಟ್ಟಳು. ಕುರ್ಚಿಯನ್ನು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಅವನ ಎರಡೂ ಕೈ ಹಿಡಿದುಕೊಂಡಳು.

"ನಂಗೂ ಆಗ್ತಿದೆ ರೀ," ಎಂದಳು.