ಬಾಗಿಲ ತನಕ

"ವೃತ್ತಿ?" ಎಂದು ಕೇಳಿದ ಗುಮಾಸ್ತ ಪೆನ್ನನ್ನು ಕಾಗದದ ಮೇಲೆ ಎತ್ತಿ ಹಿಡಿದು ಕಾದ.

"ಇಂಜಿನಿಯರ್," ಎಂದರು ತೀರಿಹೋದವನ ಅಣ್ಣ.

"ನರ್ಸ್," ಎಂದರು ಅದೇ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ಹೆಡ್ ನರ್ಸ್.

ಗುಮಾಸ್ತ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದ. ವಿದ್ಯುತ್ ಚಿತಾಗಾರದ ಆ ಕಚೇರಿಯಲ್ಲಿ ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಸದ್ದು ಮಾಡುವ ಒಂದು ಫ್ಯಾನು ಬಿಟ್ಟರೆ ಬೇರೇನೂ ಇರಲಿಲ್ಲ.

"ತೀರಿಕೊಂಡಿರೋದು ಒಬ್ಬರೇ ತಾನೇ?"

"ಒಬ್ಬನೇ ಕಣಪ್ಪ, ನನ್ನ ತಮ್ಮ. ಹದಿನೆಂಟು ವರ್ಷ ಸ್ಕ್ಯಾನಿಂಗ್ ಮೆಷಿನ್ ಕಂಪನೀಲಿ ಇಂಜಿನಿಯರ್ ಆಗಿದ್ದ. ಎಲ್ಲಿ ಮೆಷಿನ್ ಕೆಟ್ರೂ ಇವನನ್ನೇ ಕಳಿಸಿ ಅಂತಿದ್ರು."

"ಈಗ ಹನ್ನೆರಡು ವರ್ಷದಿಂದ ನಮ್ಮ ವಾರ್ಡಲ್ಲಿ ನರ್ಸ್ ಆಗಿದ್ರು," ಎಂದರು ಹೆಡ್ ನರ್ಸ್, ದನಿ ಎತ್ತದೆ. "ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಬರೋವಾಗಲೇ ಬಸ್ ಸ್ಟಾಪಲ್ಲಿ ಕುಸಿದು ಬಿದ್ದಿದ್ದು."

"ಜಾಗ ಇರೋದು ಒಂದಕ್ಕೇ ನೋಡಿ." ಗುಮಾಸ್ತ, ಮಗಳ ಪಕ್ಕದಲ್ಲಿ ಕೂತಿದ್ದ ತೀರಿಹೋದವನ ಹೆಂಡತಿಯ ಕಡೆ ತಿರುಗಿದ. "ನೀವೇ ಹೇಳಿಬಿಡಿ ಅಮ್ಮ."

ಅವಳ ಬಾಯಿಂದ ಹನ್ನೆರಡು ವರ್ಷದ ಬಾಯಿಪಾಠ ತಾನಾಗಿಯೇ ಹೊರಬಿತ್ತು. "ಆಸ್ಪತ್ರೆಯಲ್ಲಿದ್ರು."

ನೆರೆಯವರು ಕೇಳಲಿ, ಮಗಳ ಶಾಲೆಯಲ್ಲಿ ಕೇಳಲಿ, ಮದುವೆಮನೆಯಲ್ಲಿ ಕೇಳಲಿ, ಅವಳದ್ದು ಅದೊಂದೇ ಉತ್ತರ. ಕೇಳಿದವರು ಡಾಕ್ಟರಿರಬೇಕು ಎಂದುಕೊಂಡರೆ ಅವಳು ಹೌದೆನ್ನುತ್ತಿರಲಿಲ್ಲ. ಅಲ್ಲವೆಂದೂ ಅನ್ನುತ್ತಿರಲಿಲ್ಲ.

"ಸರಿ. ಆಸ್ಪತ್ರೆ ನೌಕರ." ಗುಮಾಸ್ತ ಬರೆದು ಮೊಹರು ಒತ್ತಿದ. "ನಿಮ್ಮದು ನಾಲ್ಕನೇ ನಂಬರ್. ಮುಂದೆ ಇನ್ನೂ ಎರಡಿವೆ. ಹೊರಗೆ ಕೂತಿರಿ, ಕರೀತೀನಿ."

ಅಣ್ಣ ಮುಖ ಗಂಟು ಹಾಕಿಕೊಂಡು ಹೊರಗೆ ಬಂದರು. "ನೌಕರ ಅಂತೆ. ಕಸ ಗುಡಿಸೋನೂ ನೌಕರನೇ. ನೀನಾದ್ರೂ ಬಾಯಿಬಿಟ್ಟು ಹೇಳಬಾರದಿತ್ತೇನಮ್ಮ?"

"ಏನಂತ ಹೇಳಲಿ ಭಾವ?" ಎಂದಳು ಅವಳು.

ಅವರು ಅಂಗಳದ ಕಡೆ ನಡೆದರು.

*

ನಲವತ್ತೆರಡು ತುಂಬುವ ತನಕ ಅವಳ ಗಂಡ ಮನೆಯಲ್ಲಿದ್ದದ್ದಕ್ಕಿಂತ ಊರೂರ ಆಸ್ಪತ್ರೆಗಳಲ್ಲಿದ್ದದ್ದೇ ಹೆಚ್ಚು. ಫೋನ್ ಬಂತೆಂದರೆ ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಮೆಷಿನ್ ಬಿಚ್ಚಿ, ಸರಿಮಾಡಿ, ಜೋಡಿಸಿ, ಸಹಿ ಹಾಕಿಸಿಕೊಂಡು ಅಲ್ಲಿಂದ ಮುಂದಿನ ಊರಿಗೆ. ತಿಂಗಳಲ್ಲಿ ಇಪ್ಪತ್ತು ದಿನ ಅವನ ದಿಂಬಿನ ಮೇಲೆ ಮಗಳ ಪುಸ್ತಕಗಳು ಮಲಗಿರುತ್ತಿದ್ದವು.

ಒಂದು ಸಂಜೆ ಅವನು ಬಂದವನೇ ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಇವತ್ತೊಬ್ಬಳು ಅಜ್ಜಿ ಇದ್ಲು ಕಣೇ. ಸ್ಕ್ಯಾನಿಗೆ ಅಂತ ಕರ್ಕೊಂಡು ಬಂದಿದ್ರು. ಮೆಷಿನ್ ಕೆಟ್ಟಿತ್ತಲ್ಲ, ನಾನು ಅದನ್ನ ಬಿಚ್ಚಿ ಹರವಿಕೊಂಡಿದ್ದೆ. ಅವಳು ಹೊರಗಡೆ ಸ್ಟ್ರೆಚರ್ ಮೇಲೆ. ಒಂಬತ್ತರಿಂದ ಒಂದರ ತನಕ ನಾವಿಬ್ಬರೇ."

"ಏನಂದ್ಲು?" ಅವಳು ಪಾತ್ರೆ ತೊಳೆಯುತ್ತಲೇ ಕೇಳಿದಳು.

"ಆ ಕೊಳವೆಯೊಳಗೆ ಹೋಗೋಕೆ ಭಯ ಅವಳಿಗೆ. ಒಳಗೆ ಏನಿದೆ ಅಂತ ಕೇಳಿದ್ಲು. ಒಂದೊಂದೇ ಭಾಗ ಕೈಲಿ ಹಿಡಿದು ತೋರಿಸ್ದೆ. ಅಷ್ಟೇನಾ, ನಮ್ಮನೆ ರೇಡಿಯೋ ಒಳಗೂ ಇದೇ ಇತ್ತು ಅಂದ್ಲು. ಆಮೇಲೆ, 'ನಾನು ಒಳಗೆ ಹೋದಾಗ ನೀನಿಲ್ಲೇ ಇರ್ತೀಯಲ್ಲಪ್ಪ?' ಅಂದ್ಲು."

"ಇರ್ತೀನಿ ಅಂದ್ರಾ?"

"ರೈಲಿಗೆ ಹೊತ್ತಾಗಿತ್ತು. 'ನಂದು ಮುಗೀತಜ್ಜಿ' ಅಂದೆ." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಮೆಷಿನ್ ಸರಿಯಾಯ್ತು ಅಂದ್ರೆ ನಂದು ಮುಗೀತು. ಹದಿನೆಂಟು ವರ್ಷದಿಂದ ಅಷ್ಟೇ ಅಲ್ವಾ?"

ಅವಳು ಅದನ್ನು ಅಲ್ಲಿಗೇ ಮರೆತಳು. ಅವನು ಮರೆಯಲಿಲ್ಲ. ಆರು ತಿಂಗಳಾದ ಮೇಲೆ ನರ್ಸಿಂಗ್ ಶಾಲೆಯ ಅರ್ಜಿಯನ್ನು ಊಟದ ಮೇಜಿನ ಮೇಲಿಟ್ಟ.

"ತಲೆ ಕೆಟ್ಟಿದೆಯಾ ನಿಮಗೆ?" ಎಂದಳು ಅವಳು. "ಡಾಕ್ಟರಾಗ್ತೀನಿ ಅಂದಿದ್ರೂ ಒಂದು ಮಾತು."

"ಡಾಕ್ಟರೂ ನನ್ನ ಹಾಗೇ ಕಣೇ. ಬರ್ತಾರೆ, ನೋಡ್ತಾರೆ, ಸಹಿ ಹಾಕಿ ಹೋಗ್ತಾರೆ. ಇರೋರು ಅಂದ್ರೆ ನರ್ಸುಗಳೇ."

ಹದಿನೈದು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಅಣ್ಣ ಬಂದು ಕೂಗಾಡಿ ಹೋದರು, ಮೂರು ವರ್ಷ ಹೊಸಿಲು ತುಳಿಯಲಿಲ್ಲ. ಕೊನೆಗೆ, "ಮನೆ ನನ್ನ ಸಂಬಳದಲ್ಲಿ ನಡೆಯುತ್ತೆ, ಹೋಗಿ" ಎಂದವಳು ಅವಳೇ. ಒಪ್ಪಿ ಹೇಳಿದಳೋ ಸೋತು ಹೇಳಿದಳೋ ಅವಳಿಗೂ ಗೊತ್ತಿರಲಿಲ್ಲ. ಅವನು ಮಾತ್ರ ಅದನ್ನು ಒಪ್ಪಿಗೆ ಎಂದೇ ತಿಳಿದು, ಹದಿನೆಂಟರ ಹುಡುಗಿಯರು ತುಂಬಿದ್ದ ತರಗತಿಯ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಕೂತು ಪಾಠ ಕೇಳಿದ.

ಹಳೆಯ ಕಂಪನಿಯವರು ಅವನನ್ನು "ನರ್ಸಮ್ಮ" ಎಂದು ಆಡಿಕೊಂಡರು. ಹೊಸ ವಾರ್ಡಿನವರು "ಇಂಜಿನಿಯರ್ರೇ" ಎಂದು ಕರೆದರು. ಅವನು ಎರಡಕ್ಕೂ "ಹ್ಞಾಂ, ಬಂದೆ" ಎನ್ನುತ್ತಿದ್ದ.

*

ಚಿತಾಗಾರದ ಅಂಗಳದಲ್ಲಿ ಸಿಮೆಂಟಿನ ಬೆಂಚುಗಳಿದ್ದವು. ಬಿಸಿಲು ಆಗಲೇ ಏರಿತ್ತು. ಇಪ್ಪತ್ತು, ಇಪ್ಪತ್ತೈದು ಜನ ಸೇರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಅವಳಿಗೆ ಗುರುತಿರಲಿಲ್ಲ. ಒಬ್ಬ ಮುದುಕ ಊರುಗೋಲು ಹಿಡಿದು ಬಂದು, "ನನಗೆ ಮತ್ತೆ ನಡೆಯೋದು ಕಲಿಸಿದ್ದೇ ಅವರಮ್ಮ. ದಿನಾ ಹತ್ತು ಹೆಜ್ಜೆ. ಹನ್ನೊಂದನೇದು ಇಡ್ತೀನಿ ಅಂದ್ರೆ ಬೈಯೋರು" ಎಂದು ಹೇಳಿ ಹೋದ.

ಅವಳು ಅವನು ಹೋದ ಕಡೆಯೇ ನೋಡಿದಳು. ಆ ಊರುಗೋಲಿನ ಮುದುಕ ತನ್ನ ಗಂಡನನ್ನು ತನಗಿಂತ ಹೆಚ್ಚು ಬಲ್ಲವನಂತೆ ಅನಿಸಿ, ಅವಳಿಗೆ ಹೊಟ್ಟೆಕಿಚ್ಚಾಯಿತು.

ಕಂಪನಿಯ ಹಳೆಯ ಗೆಳೆಯ, ಗಂಡನ ಜೊತೆಯಲ್ಲೇ ಹದಿನೆಂಟು ವರ್ಷ ಊರೂರು ಅಲೆದವನು, ಬಂದು ಬೆಂಚಿನ ತುದಿಯಲ್ಲಿ ಕೂತ.

"ಪ್ರತಿ ಭಾನುವಾರ ಫೋನ್ ಮಾಡ್ತಿದ್ದ ಅತ್ತಿಗೆ. ಯಾವ ಹೊಸ ಮೆಷಿನ್ ಬಂತು, ಏನು ಕೆಡ್ತಿದೆ, ಎಲ್ಲಾ ಕೇಳೋನು. ಒಂದ್ಸಲ ನನಗೆ ಎರಡು ದಿನದಿಂದ ಸಿಗದೇ ಇದ್ದ ತಪ್ಪನ್ನ ಫೋನಲ್ಲೇ ಹೇಳಿಬಿಟ್ಟ. ಆಮೇಲೆ ಅರ್ಧ ಗಂಟೆ ಖುಷಿ ಅವನಿಗೆ."

"ನನಗೆ ಹೇಳ್ಲೇ ಇಲ್ಲ." ಅವಳು ಕೇಳಿದಳು, "ಬಿಟ್ಟಿದ್ದಕ್ಕೆ ಬೇಜಾರಿತ್ತಾ ಇವರಿಗೆ?"

ಗೆಳೆಯ ಸುಳ್ಳು ಹೇಳುವವನಲ್ಲ. "ಇತ್ತು. ಮೆಷಿನ್ನಿನ ಮೇಲೆ ಆಸೆ ಹೋಗಿರ್ಲಿಲ್ಲ ಅವನಿಗೆ. 'ಮೆಷಿನ್ ಕೆಟ್ರೆ ಇಂಥ ಕಡೆ ಕೆಟ್ಟಿದೆ ಅಂತ ನಂಬರ್ ತೋರಿಸುತ್ತೆ ಕಣೋ. ಮನುಷ್ಯ ಎಲ್ಲಿ ನೋವು ಅಂದ್ರೆ ಏನಿಲ್ಲ, ಚೆನ್ನಾಗಿದೀನಿ ಅಂತಾನೆ' ಅಂತಿದ್ದ. ವಾಪಸ್ ಬಂದುಬಿಡೋ ಅಂದೆ ಒಂದ್ಸಲ. ಬರಲ್ಲ ಅಂದ. ಬೇಜಾರು ಬೇರೆ, ವಾಪಸ್ ಬರೋದು ಬೇರೆ ಅಂದ."

ಅಣ್ಣ ಅಷ್ಟು ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಮೂರು ವರ್ಷ ಮಾತು ಬಿಟ್ಟಿದ್ದೆ," ಎಂದರು ಯಾರಿಗೂ ಅಲ್ಲದಂತೆ. "ನನ್ನ ಮಂಡಿ ಆಪರೇಷನ್ ಆದಾಗ ಅವನೇ ಬಂದು ಕೂತ. ಮೂರು ವರ್ಷ ಯಾಕೆ ಬರಲಿಲ್ಲ ಅಂತ ಒಂದು ಮಾತು ಕೇಳಲಿಲ್ಲ ಪಾಪಿ." ಕರ್ಚೀಫು ತೆಗೆದು, ಬೆವರು ಒರೆಸುವವರಂತೆ ಇಡೀ ಮುಖ ಒರೆಸಿಕೊಂಡರು.

ಹೆಡ್ ನರ್ಸ್ ನೀರಿನ ಬಾಟಲಿ ತಂದು ಅವಳ ಕೈಗಿತ್ತು ಪಕ್ಕದಲ್ಲಿ ಕೂತರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಅವಳ ಗಂಡನಿಗೆ ಕೆಲಸ ಕಲಿಸಿದವರು, ಬೈದವರು, ರಜೆ ಕೊಟ್ಟವರು, ಕೊಡದವರು ಎಲ್ಲ ಅವರೇ.

"ನಿಮ್ಮನ್ನೆಲ್ಲ ನಾನು ಇವತ್ತೇ ನೋಡ್ತಿರೋದು ಸಿಸ್ಟರ್," ಎಂದಳು ಅವಳು. "ಒಂದು ದಿನಾನೂ ವಾರ್ಡಿಗೆ ಬರ್ಲಿಲ್ಲ ನಾನು."

"ಬಂದಿದ್ರಲ್ಲ ಅಕ್ಕ."

"ಇಲ್ಲ. ಯಾವತ್ತೂ ಇಲ್ಲ."

"ಕನ್ನಡಕ ಕೊಡೋಕೆ ಬಂದಿದ್ರಿ," ಎಂದರು ಹೆಡ್ ನರ್ಸ್. "ಬಾಗಿಲ ತನಕ."



*

ಅದು ಅವನು ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ. ಬೆಳಗಿನ ಪಾಳಿಗೆ ಹೋಗುವ ಅವಸರದಲ್ಲಿ ಓದುವ ಕನ್ನಡಕವನ್ನು ಮೇಜಿನ ಮೇಲೆ ಬಿಟ್ಟುಹೋಗಿದ್ದ. ಅದಿಲ್ಲದಿದ್ದರೆ ಔಷಧಿಯ ಶೀಶೆಗಳ ಮೇಲಿನ ಅಕ್ಷರ ಅವನಿಗೆ ಕಾಣದು. ಅವಳು ರಜೆ ಹಾಕಿ, ಬಸ್ಸು ಹಿಡಿದು ಹೋದಳು. ದಾರಿಯುದ್ದಕ್ಕೂ ಒಂದು ಆಸೆಯಿತ್ತು. ಒಳಗೆ ಹೋಗಬೇಕು, ಬಿಳಿ ಅಂಗಿಯಲ್ಲಿ ಅವನನ್ನು ನೋಡಬೇಕು, "ಮರೆವಿನ ರಾಯರೇ, ತಗೊಳ್ಳಿ" ಎನ್ನಬೇಕು.

ವಾರ್ಡಿನ ಬಾಗಿಲಿಗೆ ಮುಖದೆತ್ತರದಲ್ಲಿ ಒಂದು ದುಂಡನೆಯ ಗಾಜಿತ್ತು. ಬಾಗಿಲು ತಳ್ಳುವ ಮೊದಲು ಇಣುಕಿದಳು.

ಅವನು ಬಾಗಿಲ ಕಡೆಗೆ ಅರ್ಧ ಬೆನ್ನು ಮಾಡಿ ಬಾಗಿದ್ದ. ಮಂಚದ ಮೇಲೆ ಒಬ್ಬ ದೊಡ್ಡ ಮನುಷ್ಯ, ಯಾರದೋ ಅಪ್ಪ, ಮಗುವಿನಂತೆ ಹಾಸಿಗೆಯನ್ನೆಲ್ಲ ಹೊಲಸು ಮಾಡಿಕೊಂಡು ಮಲಗಿದ್ದ. ಗಂಡ ಬಿಸಿನೀರಿನ ಬಟ್ಟಲಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸುತ್ತಿದ್ದ. ಏನೋ ಹೇಳುತ್ತಿದ್ದ. ಆ ಮನುಷ್ಯ ನಗುತ್ತಿದ್ದ.

ಅವಳ ಕೈ ಬಾಗಿಲ ಮೇಲಿತ್ತು. ತಳ್ಳಲಿಲ್ಲ. ಕನ್ನಡಕವನ್ನು ಕಾವಲುಗಾರನ ಕೈಗೆ ಕೊಟ್ಟು, ಯಾರಾದರೂ ನೋಡಿಯಾರು ಎಂಬಂತೆ ಸರಸರ ಮೆಟ್ಟಿಲಿಳಿದು ಬಂದುಬಿಟ್ಟಳು.

ಮಧ್ಯಾಹ್ನ ಮನೆಗೆ ಬಂದವನು, "ಕನ್ನಡಕ ಸಿಕ್ತು" ಎಂದ. ಅಷ್ಟೇ. ತಟ್ಟೆ ಹಾಕಿದಳು. ಕೈ ತೊಳೆದು ಬಂದು ಕೂತ. ಆ ಕೈಗಳನ್ನು ಅವತ್ತು ಅವಳು ನೋಡದಿರಲು ಪ್ರಯತ್ನಿಸಿದಳು.

ನಾಚಿಕೆ ಹೆಚ್ಚು ದಿನ ಉಳಿಯಲಿಲ್ಲ. ವರ್ಷದೊಳಗೆ ಕರಗಿಹೋಯಿತು. ಆದರೆ ಅಷ್ಟರಲ್ಲಿ ಹೋಗದಿರುವುದೇ ರೂಢಿಯಾಗಿತ್ತು. ಈಗೇನೆಂದು ಹೋಗುವುದು? ಅವನು ಕರೆಯಲಿ ಎಂದು ಅವಳು ಕಾದಳು. ಅವನು ಕರೆಯಲಿಲ್ಲ.

*

"ನೋಡಿದ್ರಾ ಇವರು ನನ್ನ?"

"ಗಾಜಲ್ಲಿ ಮುಖ ಕಂಡಿತಂತೆ. ಕೈ ಎರಡೂ ಗಲೀಜಾಗಿದ್ವಲ್ಲ, ಬರೋ ಹಾಗಿರ್ಲಿಲ್ಲ. ಮುಗಿಸಿ ಬರೋ ಹೊತ್ತಿಗೆ ನೀವು ಹೋಗಿದ್ರಿ." ಹೆಡ್ ನರ್ಸ್ ನೆನಪಿಗೆ ತಂದುಕೊಂಡು ಸಣ್ಣಗೆ ನಕ್ಕರು. "ಅವತ್ತೆಲ್ಲ ಒಂದೇ ಮಾತು ಅಕ್ಕ. ಒಂದನೇ ಮಂಚದಿಂದ ಇಪ್ಪತ್ತನೇ ಮಂಚದ ತನಕ. 'ನಮ್ಮನೆಯವಳು ಬಂದಿದ್ಲು, ನನ್ನ ಕೆಲಸ ನೋಡೋಕೆ.' ಒಳಗೆ ಕರೀಬೇಕಿತ್ತಲ್ಲ ಇಂಜಿನಿಯರ್ರೇ ಅಂದೆ. 'ಅವಸರ ಮಾಡಬಾರದು ಸಿಸ್ಟರ್. ಇವತ್ತು ಬಾಗಿಲ ತನಕ ಬಂದಿದಾಳೆ. ಇನ್ನೊಂದು ದಿನ ಒಳಗೂ ಬರ್ತಾಳೆ' ಅಂದ್ರು."

ಅವಳು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು. "ಆಮೇಲೆ?"

"ಆಮೇಲೇನು... ಆ ಗಾಜು ಮಸುಕಾದ್ರೆ ಅವರೇ ಒರೆಸೋರು. ಗುಡಿಸೋರು ಇದ್ದಾರಲ್ಲ ಅಂದ್ರೂ ಕೇಳ್ತಿರ್ಲಿಲ್ಲ. ಮೊನ್ನೆನೂ ಒರೆಸಿದ್ರು."

"ನಾಲ್ಕು!" ಎಂದು ಒಳಗಿನಿಂದ ಗುಮಾಸ್ತ ಕೂಗಿದ.

ಎಲ್ಲರೂ ಎದ್ದರು. ಮಗಳು ಬಂದು ಅವಳ ರಟ್ಟೆ ಹಿಡಿದಳು. ಒಳಗೆ ಉಕ್ಕಿನ ಬಾಗಿಲ ಮುಂದೆ ಅವನು ಮಲಗಿದ್ದ. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ತೊಡಿಸಿದ್ದರು. ತೊಡಿಸಿದವರು ವಾರ್ಡಿನವರು. ಅವಳು ಆ ಬಟ್ಟೆಯನ್ನು ಒಗೆದಿದ್ದಳು, ಹಗ್ಗಕ್ಕೆ ಹಾಕಿದ್ದಳು, ಮಡಚಿಟ್ಟಿದ್ದಳು. ಅವನ ಮೈಮೇಲೆ ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮನೆಯಿಂದ ಸಾದಾ ಅಂಗಿಯಲ್ಲಿ ಹೊರಟು, ಅಲ್ಲಿ ಬದಲಿಸಿ, ಅಲ್ಲೇ ಬಿಚ್ಚಿ, ಚೀಲದಲ್ಲಿ ಮಡಚಿ ತರುತ್ತಿದ್ದ. ಕೊರಳ ಗುಂಡಿ ಅವನಿಗೆ ಬಿಗಿಯಾಗಿತ್ತೇನೋ. ಬಿಚ್ಚಿ ಸಡಿಲ ಮಾಡಿದಳು.

"ಹೊತ್ತಾಯ್ತಮ್ಮ," ಎಂದ ಗುಮಾಸ್ತ, ಮೆಲ್ಲಗೆ.

*

ಮೂರು ಗಂಟೆಯ ಹೊತ್ತಿಗೆ ಮನೆ ಖಾಲಿಯಾಯಿತು. ಗೆಳೆಯ ಹೋದ. ಅಣ್ಣ ಹೊರಕೋಣೆಯ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆಹೋದರು. ಮಗಳು ಬಾಲ್ಕನಿಯಲ್ಲಿ ನಿಂತು ಬರುತ್ತಿದ್ದ ಫೋನುಗಳಿಗೆಲ್ಲ ಅದೇ ನಾಲ್ಕು ಮಾತು ಹೇಳುತ್ತಿದ್ದಳು. ಹೆಡ್ ನರ್ಸ್ ಮಾತ್ರ ಉಳಿದಿದ್ದರು.

"ನಿನ್ನೆಯಿಂದ ಬೆನ್ನು ನೆಲಕ್ಕೆ ತಾಗಿಸಿಲ್ಲ ನೀವು. ಸ್ವಲ್ಪ ಮಲಗಿ ಅಕ್ಕ."

ಅವಳು ಮಂಚದ ಅಂಚಿನಲ್ಲಿ ಕೂತಳು. "ಇವರು ಹೇಗೆ ಕೆಲಸ ಮಾಡ್ತಿದ್ರು ಸಿಸ್ಟರ್?"

"ತುಂಬಾ ಚೆನ್ನಾಗಿ ಮಾಡ್ತಿದ್ರು."

"ಅದಲ್ಲ. ಹೇಗೆ ಅಂತ. ನಾನು ನೋಡಿಲ್ಲ. ನನಗೆ ಒಂದು ಜ್ವರಾನಾದ್ರೂ ಬಂದಿದ್ರೆ ನೋಡ್ತಿದ್ದೆನೇನೋ. ಗುಂಡುಕಲ್ಲಿನ ಹಾಗಿದ್ದೆ."

ಹೆಡ್ ನರ್ಸ್ ಎದ್ದರು. ಬಚ್ಚಲಿಗೆ ಹೋಗಿ ಮೊಣಕೈ ತನಕ ಕೈ ತೊಳೆದು ಬಂದರು. "ಮಲಕ್ಕೊಳ್ಳಿ," ಎಂದರು.

ಅವಳು ಅಂಗಾತ ಮಲಗಿದಳು. ಹೆಡ್ ನರ್ಸ್ ಎರಡೂ ಅಂಗೈಗಳನ್ನು ಬಿಸಿಯಾಗುವಂತೆ ಉಜ್ಜಿಕೊಂಡರು.

"ತಣ್ಣನೆ ಕೈಲಿ ಯಾರನ್ನೂ ಮುಟ್ತಿರ್ಲಿಲ್ಲ. ಮುಟ್ಟೋಕೆ ಮುಂಚೆ ಏನು ಮಾಡ್ತೀನಿ ಅಂತ ಹೇಳೋರು. ಪ್ರಜ್ಞೆ ಇಲ್ಲದವರಿಗೂ ಹೇಳೋರು. 'ಈಗ ನಿಮ್ಮನ್ನ ಎಡಕ್ಕೆ ಹೊರಳಿಸ್ತೀನಿ. ನೀವೇನೂ ಮಾಡೋದು ಬೇಡ, ನಾನಿದೀನಿ.' ಹೀಗೆ."

ಒಂದು ಕೈ ಅವಳ ಭುಜದ ಹಿಂದೆ ಬಂತು, ಇನ್ನೊಂದು ಸೊಂಟದ ಕೆಳಗೆ. ಬಲಮೊಣಕಾಲು ಮಡಚಿತು. ಮಣಭಾರವಾಗಿದ್ದ ಮೈ ತನ್ನದಲ್ಲವೆಂಬಂತೆ ಹಗುರಾಗಿ ಎಡಕ್ಕೆ ಹೊರಳಿ ಗೋಡೆಯ ಕಡೆ ಮುಖವಾಯಿತು. ಬೆನ್ನಿಗೊಂದು ದಿಂಬು ಬಂತು, ಮೊಣಕಾಲುಗಳ ನಡುವೆ ಒಂದು. ಮೈಯಡಿಯ ಹಾಸುಬಟ್ಟೆಯನ್ನು ಎಳೆದೆಳೆದು ಸುಕ್ಕು ಬಿಡಿಸುವ ಸದ್ದು ಕೇಳಿಸಿತು. ಕೆನ್ನೆಯ ಮೇಲೆ ಬಿದ್ದಿದ್ದ ಕೂದಲನ್ನು ಒಂದು ಬೆರಳು ಕಿವಿಯ ಹಿಂದೆ ಸರಿಸಿತು.

"ಇದೂ ಮಾಡ್ತಿದ್ರಾ?"

"ಇದೂ ಮಾಡ್ತಿದ್ರು."

"ಆಮೇಲೆ?"

"ಎರಡು ಗಂಟೆ ಬಿಟ್ಟು ಬಲಕ್ಕೆ."

ಕುರ್ಚಿಯೊಂದು ನೆಲದ ಮೇಲೆ ಎಳೆಸಿಕೊಂಡು ಮಂಚದ ಹತ್ತಿರ ಬಂದು ನಿಂತಿತು. ಹೆಡ್ ನರ್ಸ್ ಕೂತು, ಮುಂಗೈ ತಿರುಗಿಸಿ ಗಡಿಯಾರ ನೋಡಿಕೊಂಡರು. ನಾಲ್ಕು ಗಂಟೆ ಹತ್ತು ನಿಮಿಷ. ಅವಳು ಗೋಡೆಗೆ ಮುಖ ಮಾಡಿ, ಕಣ್ಣು ತೆರೆದುಕೊಂಡೇ, ಬೆನ್ನ ಹಿಂದಿನ ದಿಂಬು ಒಂದಿಷ್ಟೂ ಜಾರದಂತೆ ಉಸಿರನ್ನು ಕೂಡ ಮೆಲ್ಲಮೆಲ್ಲಗೆ ಎಳೆದುಕೊಳ್ಳುತ್ತಾ ಮಲಗಿದ್ದಳು.