ಒಂಟೆಯ ಬಾಯಾರಿಕೆ

ರಕ್ತಪರೀಕ್ಷೆಯ ಲ್ಯಾಬಿನ ಬೈಕ್ ಸವಾರರೆಲ್ಲ ಅವನನ್ನು ಒಂಟೆ ಎಂದು ಕರೆಯುತ್ತಿದ್ದರು. ಅದೇನೂ ಅವಮಾನದ ಹೆಸರಲ್ಲ. ಬೆಳಿಗ್ಗೆ ಬೈಕ್ ಹತ್ತಿದರೆ ಮಧ್ಯಾಹ್ನ ಕೊನೆಯ ಪೆಟ್ಟಿಗೆ ಲ್ಯಾಬಿಗೆ ತಲುಪಿಸುವವರೆಗೆ ಅವನು ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ನೀರು ಕುಡಿದರೆ ಎಲ್ಲಾದರೂ ನಿಲ್ಲಿಸಬೇಕು, ನಿಲ್ಲಿಸಿದರೆ ಹತ್ತು ನಿಮಿಷ ಹೋಯಿತು, ಹತ್ತು ನಿಮಿಷ ಹೋದರೆ, ಯಾರು ಬೇಗ ತಲುಪಿಸಿದರೆಂದು ಬರೆಯುವ ಲ್ಯಾಬಿನ ಗೋಡೆಯ ಬೋರ್ಡಿನಲ್ಲಿ ಹೆಸರು ಕೆಳಗಿಳಿಯಿತು. ಇದು ಅವನ ಲೆಕ್ಕಾಚಾರ. ಒಂಬತ್ತು ವರ್ಷ ಆ ಬೋರ್ಡಿನ ಮೇಲ್ತುದಿಯಲ್ಲಿ ಅವನೇ ಕೂತಿದ್ದ.

ಒಂದೂವರೆ ವರ್ಷದ ಹಿಂದೆ ಹೆಂಡತಿಯ ತಮ್ಮನನ್ನು ತಾನೇ ಕೈಹಿಡಿದು ಕರೆದುಕೊಂಡು ಬಂದು ಈ ಕೆಲಸಕ್ಕೆ ಸೇರಿಸಿದ್ದ. ಈಗ ಬೋರ್ಡಿನ ತುದಿಯಲ್ಲಿ ಕೂತಿದ್ದವನು ಬಾಮೈದ.

ಬಾಮೈದನದು ಎಲ್ಲವೂ ಅಚ್ಚುಕಟ್ಟು. ಅಕ್ಕ-ಭಾವನ ಮನೆಯಲ್ಲೇ ಇದ್ದ ಅವನು ಬೆಳಕು ಹರಿಯುವ ಮುಂಚೆ ಎದ್ದು ಮಹಡಿಯ ಮೇಲೆ ಬಸ್ಕಿ ಹೊಡೆಯುತ್ತಿದ್ದ. ಸುಡುಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಕುತ್ತಿಗೆಗೆ ಒದ್ದೆ ಬಟ್ಟೆ. ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಕೈಚೀಲ, ಅದರೊಳಗೆ ಎರಡು ಲೀಟರಿನ ನೀರಿನ ಚೀಲ. ಅದರಿಂದ ಹೊರಟ ಕೊಳವೆ ಹೆಗಲಿಗೆ ಸಿಕ್ಕಿಸಿಕೊಂಡರೆ ಬೈಕ್ ನಿಲ್ಲಿಸದೆಯೇ ಕುಡಿಯಬಹುದು. ಗಡಿಯಾರ ನೋಡಿಕೊಂಡು ಕಾಲು ಗಂಟೆಗೊಮ್ಮೆ ಎರಡೇ ಗುಟುಕು. "ಬಾಯಾರೋ ತನಕ ಕಾಯಬಾರದು ಭಾವ" ಎಂದು ಅವನು ಉಪದೇಶ ಮಾಡಿದಾಗಲೆಲ್ಲ ಒಂಟೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ಅದಕ್ಕಿಂತ ಹೆಚ್ಚು ಉರಿಸುತ್ತಿದ್ದದ್ದು ಅಡುಗೆಮನೆ. ದಿನಾ ಬೆಳಿಗ್ಗೆ ಹೆಂಡತಿ ತಮ್ಮನ ಚೀಲಕ್ಕೆ ನೀರು ತುಂಬಿ, ಚಿಟಿಕೆ ಉಪ್ಪು, ಸಕ್ಕರೆ ಹಾಕಿ, ನಿಂಬೆಹಣ್ಣು ಹಿಂಡಿ ಮುಚ್ಚಳ ಬಿಗಿಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನಿಗೂ ಬಾಟಲಿ ಕೊಟ್ಟವಳೇ. ಬೇಡ ಬೇಡ ಎಂದು ಇವನೇ ತಳ್ಳಿ ತಳ್ಳಿ, ಅವಳು ಕೇಳುವುದನ್ನೇ ಬಿಟ್ಟಿದ್ದಳು. ಈಗ ಯಾಕೆ ಕೇಳುವುದಿಲ್ಲ ಎಂದು ಇವನಿಗೆ ಹೊಟ್ಟೆಕಿಚ್ಚು. ಬೇಕು ಎಂದು ಬಾಯಿಬಿಟ್ಟು ಹೇಳಲು ಮಾತ್ರ ಬಿಗುಮಾನ.

ಆ ವಾರ ಲ್ಯಾಬಿನ ಮೇಲ್ವಿಚಾರಕಿ ಸವಾರರ ಮುಖ್ಯಸ್ಥನನ್ನು ಆರಿಸುವವರಿದ್ದರು. ಮುಖ್ಯಸ್ಥನಿಗೆ ಬಿಸಿಲಿನ ಕಾಟವಿಲ್ಲ. ಫ್ಯಾನಿನ ಕೆಳಗೆ ಕುರ್ಚಿ, ಮೇಜು, ಫೋನು. ಅದು ತನಗೆ ಸಿಗಬೇಕಾದದ್ದು ಎಂದು ಒಂಟೆ ಒಂಬತ್ತು ವರ್ಷದಿಂದ ನಂಬಿದ್ದ. ಆದರೆ ಬೋರ್ಡು ಬೇರೆಯೇ ಹೇಳುತ್ತಿತ್ತು.

ಗುರುವಾರ ಊರಾಚೆಯ ಕಾರ್ಖಾನೆಯಲ್ಲಿ ಕೆಲಸಗಾರರ ರಕ್ತ ತೆಗೆದಿದ್ದರು. ಎರಡು ಪೆಟ್ಟಿಗೆ, ಇಬ್ಬರು ಸವಾರರು. ಸೀಲ್ ಮಾಡಿದ ಪೆಟ್ಟಿಗೆಯನ್ನು ಲ್ಯಾಬಿನವರೇ ಒಡೆಯಬೇಕು. ದಾರಿಯಲ್ಲಿ ಸೀಲ್ ಒಡೆದರೆ ಒಳಗಿನ ರಕ್ತವೆಲ್ಲ ಚರಂಡಿಗೆ. ಬಾಮೈದ ಸಹಿ ಹಾಕಲು ಒಳಗೆ ಹೋದ. ಅವನ ಬೈಕ್ ನೆರಳಿನಲ್ಲಿ ನಿಂತಿತ್ತು.

ಇವತ್ತೊಂದು ದಿನ ಇವನೂ ಅಂಗಡಿ ಹುಡುಕಿಕೊಂಡು ನಿಲ್ಲಲಿ, ಅಷ್ಟೇ. ಒಂಟೆ ತನಗೆ ತಾನೇ ಹಾಗೆಂದುಕೊಂಡು, ಆ ಕಡೆ ಈ ಕಡೆ ನೋಡಿ, ನೀರಿನ ಚೀಲ ಎತ್ತಿ ಮುಚ್ಚಳ ತಿರುಗಿಸಿ ಮೋರಿಗೆ ಬಗ್ಗಿಸಿದ. ನಿಂಬೆಹಣ್ಣಿನ ವಾಸನೆ ಬಂತು. ಬೀಜವೊಂದು ಮೋರಿಯ ಅಂಚಿನಲ್ಲಿ ಉಳಿಯಿತು, ಅದನ್ನೂ ಬೂಟಿನಿಂದ ತಳ್ಳಿದ. ಚೀಲವನ್ನು ಇದ್ದ ಹಾಗೇ ಮಡಚಿಟ್ಟು, ತನ್ನ ಪೆಟ್ಟಿಗೆ ಕಟ್ಟಿಕೊಂಡು ಮೊದಲು ಹೊರಟ.

ಹನ್ನೆರಡನೇ ಕಿಲೋಮೀಟರಿನಲ್ಲಿ ಬೆವರು ನಿಂತಿತು. ಒಳ್ಳೆಯದೇ ಆಯಿತು ಎಂದುಕೊಂಡ. ಆಮೇಲೆ ತಲೆ ಸಿಡಿಯತೊಡಗಿತು, ರಸ್ತೆ ಎರಡೆರಡಾಗಿ ಕಂಡಿತು. ಹೇಗೋ ಸೇತುವೆಯ ಪಕ್ಕಕ್ಕೆ ಬೈಕ್ ಸರಿಸಿದ್ದು ನೆನಪಿದೆ, ಬಿದ್ದದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಬಾಮೈದ ಅವನ ಹೆಲ್ಮೆಟ್ ತೆಗೆದು, ಅಂಗಿಯ ಗುಂಡಿ ಬಿಚ್ಚುತ್ತಿದ್ದ.

"ಭಾವ, ಮಲಗಬೇಡಿ, ನನ್ನ ನೋಡಿ. ಇಲ್ಲೇ ನೀರಿದೆ, ತಗೊಳ್ಳಿ."

ಕೊಳವೆ ತುಟಿಗೆ ಬಂತು. ಒಂಟೆ ಹೀರಿದ. ಜೀವವೆಲ್ಲ ತುಟಿಗೆ ತಂದುಕೊಂಡು ಹೀರಿದ. ಗಾಳಿ ಬಂತು.

ಬಾಮೈದ ಚೀಲ ಎತ್ತಿ ನೋಡಿ ದಂಗಾದ. "ಅಕ್ಕ ತುಂಬಿಸಿದ್ಳಲ್ಲ! ಎಲ್ಲೋ ತೂತಾಗಿ ಸೋರಿಹೋಗಿರಬೇಕು, ಹಾಳಾದ್ದು."

ಹೇಳಲು ಒಂಟೆಯ ನಾಲಿಗೆ ಏಳಲಿಲ್ಲ. ಎದ್ದಿದ್ದರೂ ಹೇಳುತ್ತಿದ್ದನೋ ಇಲ್ಲವೋ.

ರಸ್ತೆಯ ಎರಡೂ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಮೈದ ಎರಡು ಬೈಕುಗಳನ್ನೂ ನೋಡಿದ. ಭಾವನ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ತನ್ನ ಪೆಟ್ಟಿಗೆಯ ಸೀಲ್ ಕಿತ್ತು, ಒಳಗಿನ ಮಂಜುಗಡ್ಡೆಯ ಪೊಟ್ಟಣಗಳನ್ನು ತೆಗೆದು ಭಾವನ ಕಂಕುಳಿಗೆ, ಕುತ್ತಿಗೆಗೆ ಒತ್ತಿ ಹಿಡಿದ. ಲಾರಿಯೊಂದು ಬರುವವರೆಗೂ ತನ್ನ ಬೆನ್ನನ್ನೇ ಬಿಸಿಲಿಗೆ ಒಡ್ಡಿ ನೆರಳು ಮಾಡಿಕೊಂಡು ಕೂತ.

ಆಸ್ಪತ್ರೆಯಲ್ಲಿ ಎರಡು ಬಾಟಲಿ ಗ್ಲುಕೋಸ್ ಏರಿಸಿ, ಶುಕ್ರವಾರ ಸಂಜೆ ಮನೆಗೆ ಕಳಿಸಿದರು. ಹೊರಡುವ ಮುಂಚೆ ಮೇಲ್ವಿಚಾರಕಿ ಫೋನ್ ಮಾಡಿದ್ದರು. "ಅರವತ್ತು ಜನ ಮತ್ತೆ ರಕ್ತ ಕೊಡಬೇಕು. ಕಾರ್ಖಾನೆಯವರು ಕೆಂಡ ಕಾರ್ತಿದ್ದಾರೆ. ನಿಮ್ಮ ಬಾಮೈದ ಒಳ್ಳೆಯವನೇ, ಆದ್ರೆ ಸೀಲ್ ಒಡೆದವನನ್ನ ಮುಖ್ಯಸ್ಥ ಮಾಡೋಕಾಗಲ್ಲ. ಸೋಮವಾರದಿಂದ ಆ ಕುರ್ಚಿ ನಿಮ್ಮದು." ಒಂಟೆ "ಆಯ್ತು ಮೇಡಂ" ಎಂದಿದ್ದ.

ಮನೆಗೆ ಬಂದರೆ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ನಲ್ಲಿಗೆ ಬಾಮೈದನ ನೀರಿನ ಚೀಲ ನೇತುಬಿದ್ದಿತ್ತು, ಹೊಟ್ಟೆ ತುಂಬ ನೀರು. ಅದರ ಕೆಳಗೆ ಹಳೆಯ ಪತ್ರಿಕೆ ಹರಡಿದ್ದಳು.

"ಎಲ್ಲಿ ತೂತಾಗಿದೆ ಅಂತ ನೋಡೋಣ ಅಂತ ಬೆಳಿಗ್ಗೆಯೇ ತುಂಬಿ ನೇತುಹಾಕಿದೆ" ಎಂದಳು. "ತೇಪೆ ಹಾಕಿಕೊಡೋಕಾಗುತ್ತೇನೋ ಅಂತ."

ಒಂಟೆ ಪತ್ರಿಕೆ ನೋಡಿದ. ಗರಿಗರಿಯಾಗಿ ಒಣಗಿತ್ತು. ಒಂದು ಅಕ್ಷರವೂ ಕದಡಿರಲಿಲ್ಲ.

ಅವಳು ಎದ್ದು ಚೀಲ ಬಿಚ್ಚಿದಳು. ಲೋಟಕ್ಕೆ ಬಗ್ಗಿಸಿ ಅವನ ಮುಂದೆ ಇಟ್ಟಳು.

"ಅವನು ಹೊಸ ಚೀಲ ತರೋಕೆ ಪೇಟೆಗೆ ಹೋಗಿದ್ದಾನೆ. ಒಂದಲ್ಲ, ಎರಡು. ನಿಮಗೂ ಒಂದು ಬೇಕಂತೆ, ಬೈದಾದ್ರೂ ಕುಡಿಸ್ತೀನಿ ಅಂತಿದ್ದ. ಅವನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

ಹೊರಗೆ ಬೈಕ್ ಬಂದು ನಿಂತಿತು. "ಭಾವ ಬಂದ್ರಾ?" ಎಂಬ ಕೂಗು ಮೆಟ್ಟಿಲು ಹತ್ತಿ ಬಂತು.

ಒಂಟೆ ಲೋಟ ಎತ್ತಿಕೊಂಡ. ಬಾಯಾರಿತ್ತು, ಆದರೂ ತುಟಿಗೆ ಮುಟ್ಟಿಸಲಿಲ್ಲ. ಲೋಟವನ್ನು ಹಾಗೇ ಕೆಳಗಿಟ್ಟು, ಬಾಗಿಲು ತೆಗೆಯಲು ತಾನೇ ಎದ್ದ.